ಕುವೈತಿಗೆ ಹೋಗಲಾರದ ಸ್ಟೀಲ್ ಫಿಕ್ಸರ್

ನನ್ನ ಎಮಿರೇಟ್ಸ್ ಐಡಿ ಕಾರ್ಡಿನ ಹಿಂಬದಿ ನೋಡಿದರೆ ನಾನು ಸ್ಟೀಲ್ ಫಿಕ್ಸರ್. ಎಂದರೆ ಕಟ್ಟಡದ ಪಿಲ್ಲರುಗಳಿಗೆ ಕಬ್ಬಿಣದ ಸರಳು ಕಟ್ಟುವವನು. ಸುಡುಬಿಸಿಲಲ್ಲಿ ಆ ಕೆಲಸ ಮಾಡುವವರ ಬಗ್ಗೆ ನನಗೆ ಗೌರವವಿದೆ, ಆದರೆ ನಾನು ಈವರೆಗೆ ಒಂದು ಸರಳನ್ನೂ ಕಟ್ಟಿದವನಲ್ಲ. ನಾನು ಸಿವಿಲ್ ಇಂಜಿನಿಯರ್. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಕಚೇರಿಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಕಂಪ್ಯೂಟರಿನ ಮುಂದೆ ಕೂತು ಕಟ್ಟಡಗಳ ನಕ್ಷೆ ಮಾಡುತ್ತಿದ್ದೇನೆ.

ಕೆಲಸಕ್ಕೆ ಸೇರುವಾಗ ಕಂಪನಿಯ ವೀಸಾ ಕೆಲಸ ನೋಡಿಕೊಳ್ಳುವ ಪಿಆರ್‌ಓ, ನಮ್ಮ ಮಂಗಳೂರು ಕಡೆಯವರೇ, ಸಮಾಧಾನ ಹೇಳಿದ್ದರು. "ಇಂಜಿನಿಯರ್ ವೀಸಾಕ್ಕೆ ಡಿಗ್ರಿ ಅಟೆಸ್ಟ್ ಆಗ್ಬೇಕು, ತಿಂಗಳುಗಟ್ಲೆ ಕಾಯ್ಬೇಕು ಮಾರಾಯ್ರೆ. ಸ್ಟೀಲ್ ಫಿಕ್ಸರ್ ವೀಸಾ ರೆಡಿ ಉಂಟು. ಮೊದ್ಲು ಒಳಗೆ ಬನ್ನಿ, ಮತ್ತೆ ಚೇಂಜ್ ಮಾಡುವ." ಒಳಗೆ ಬಂದೆ. ಆ 'ಮತ್ತೆ' ಮಾತ್ರ ಬರಲೇ ಇಲ್ಲ. ಪ್ರತಿ ಸಲ ವೀಸಾ ನವೀಕರಿಸುವಾಗ ಕೇಳಿದೆ, ಪ್ರತಿ ಸಲವೂ "ಇನ್‌ಶಾ ಅಲ್ಲಾ" ಎಂದರು. ಕೊನೆಗೆ ನಾನೂ ಕೇಳುವುದನ್ನು ಬಿಟ್ಟೆ.

ಅಣ್ಣ ಕುವೈತಿನಲ್ಲಿದ್ದ. ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟು ದುಡಿದು ನನ್ನನ್ನು ಇಂಜಿನಿಯರ್ ಮಾಡಿದವನು ಅವನೇ. ಅಲ್ಲಿ ಒಂದು ಹೋಟೆಲಿನ ಮ್ಯಾನೇಜರ್. ಕುಂದಾಪುರದ ನೆಂಟರಿಷ್ಟರ ಮುಂದೆಲ್ಲ ನನ್ನ ತಮ್ಮ ಅಬುಧಾಬಿಯಲ್ಲಿ ಇಂಜಿನಿಯರ್ ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಅಂಥವನಿಗೆ ಕಾರ್ಡಿನ ಹಿಂಬದಿಯ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ.

ನಮ್ಮಿಬ್ಬರ ನಡುವೆ ವಿಮಾನದಲ್ಲಿ ಎರಡು ಗಂಟೆಯ ದಾರಿಯೂ ಇಲ್ಲ. ಆದರೂ ಅವನು ಒಮ್ಮೆಯೂ ಬರಲಿಲ್ಲ. ಕರೆದಾಗಲೆಲ್ಲ ರಜೆ ಇಲ್ಲ ಎನ್ನುತ್ತಿದ್ದ. ಎರಡು ದಿನ ರಜೆಯನ್ನೂ ಕೊಡದ ಆ ಕೆಲಸ ತಮ್ಮನಿಗಿಂತ ಹೆಚ್ಚೇ ಎಂದು ನನಗೂ ಸಿಟ್ಟು. ಅವನೇ ಮೊದಲು ಬರಲಿ ಎಂದು ಸುಮ್ಮನಿದ್ದೆ. ಊರಿನಲ್ಲಿ ಇಬ್ಬರ ರಜೆ ಕೂಡಿಬಂದದ್ದು ಎರಡೇ ಸಲ.

ಹೀಗಿರುವಾಗ ಅವನ ರೂಮಿನ ಜೊತೆಗಾರರೊಬ್ಬರು ಫೋನ್ ಮಾಡಿದರು. ಅಣ್ಣನಿಗೆ ಹೃದಯದ ಆಪರೇಷನ್, ಮರುದಿನ ಬೆಳಿಗ್ಗೆಯೇ. ತುಂಬ ಹೆದರಿದ್ದಾನೆ, ನಿಮ್ಮನ್ನೇ ಕೇಳುತ್ತಿದ್ದಾನೆ ಎಂದರು. ನಮ್ಮ ಕಚೇರಿಯ ಹಿರಿಯ ಇಂಜಿನಿಯರ್ ಹಿಂದೊಮ್ಮೆ ನೆಂಟರ ಮದುವೆಗೆಂದು ಕುವೈತಿಗೆ ಹೋಗಿ ಬಂದಿದ್ದರು. ಇಲ್ಲಿನ ಕಾರ್ಡ್ ತೋರಿಸಿದರೆ ಅಲ್ಲಿ ಇಳಿದ ಮೇಲೆ ವೀಸಾ ಕೊಡುತ್ತಾರೆ, ಇಂಜಿನಿಯರುಗಳಿಗೆ ತೊಂದರೆಯೇ ಇಲ್ಲ ಎಂದು ಅವರು ಹೇಳಿದ್ದು ನೆನಪಿತ್ತು. ತಕ್ಷಣ ಟಿಕೆಟ್ ಮಾಡಿಸಿದೆ. ನನ್ನ ಕಾರ್ಡಿನಲ್ಲಿ ಏನಿದೆ ಎಂಬುದು ತಲೆಗೇ ಬರಲಿಲ್ಲ. ಅಷ್ಟು ವರ್ಷ ಇಂಜಿನಿಯರಾಗಿ ದುಡಿದವನಿಗೆ ತಾನು ಸ್ಟೀಲ್ ಫಿಕ್ಸರ್ ಎಂಬುದು ಮರೆತುಹೋಗಿತ್ತು.

ಅದು ಕುವೈತಿನ ರಾಷ್ಟ್ರೀಯ ದಿನದ ವಾರ. ಅಬುಧಾಬಿ ಏರ್‌ಪೋರ್ಟಿನಲ್ಲಿ ಎರಡೂ ದೇಶಗಳ ಬಾವುಟಗಳನ್ನು ಜೊತೆಜೊತೆಯಾಗಿ ಕಟ್ಟಿದ್ದರು. ಕುವೈತಿನಿಂದ ಬಂದವರಿಗೆ ಖರ್ಜೂರ, ಹೂವು. ಚೆಕ್-ಇನ್ ಕೌಂಟರಿನ ಹುಡುಗಿ ನನ್ನ ಕಾರ್ಡನ್ನು ತಿರುಗಿಸಿ ನೋಡಿದಳು. "ಸಾರಿ ಸರ್, ಈ ಪ್ರೊಫೆಷನ್‌ಗೆ ಕುವೈತಲ್ಲಿ ವೀಸಾ ಕೊಡಲ್ಲ. ಲಿಸ್ಟ್‌ನಲ್ಲಿಲ್ಲ." ಡಾಕ್ಟರ್, ವಕೀಲ, ಇಂಜಿನಿಯರ್, ಮ್ಯಾನೇಜರ್, ಹೀಗೆ ಒಂದು ಪಟ್ಟಿ. ಮೊಬೈಲಿನಲ್ಲಿದ್ದ ಡಿಗ್ರಿ ಸರ್ಟಿಫಿಕೇಟ್ ತೋರಿಸಿದೆ, ಜೊತೆಗಾರರು ಕಳಿಸಿದ್ದ ಅಣ್ಣನ ಆಸ್ಪತ್ರೆಯ ಚೀಟಿ ತೋರಿಸಿದೆ. ಅವಳ ಮುಖ ಸಣ್ಣದಾಯಿತು, ಆದರೆ ಕಾರ್ಡಿನಲ್ಲಿ ಇರುವುದೇ ಲೆಕ್ಕ ಎಂದಳು. ನನ್ನ ಹಿಂದಿದ್ದವರು ಮುಂದೆ ಬಂದರು.

ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಎರಡು ಪುಟ್ಟ ದೇಶಗಳು. ಪೇಪರಿನಲ್ಲಿ ಒಂದನ್ನೊಂದು ಸಹೋದರ ರಾಷ್ಟ್ರ ಎಂದೇ ಕರೆದುಕೊಳ್ಳುತ್ತವೆ. ಮಂತ್ರಿಗಳು ಅಪ್ಪಿಕೊಳ್ಳುವ ಫೋಟೋ ವಾರಕ್ಕೊಂದು ಬರುತ್ತದೆ. ಅವರ ಸ್ನೇಹಕ್ಕೆ ನನ್ನ ತಕರಾರಿಲ್ಲ. ಆದರೆ ಅಣ್ಣನ ಹಾಸಿಗೆಯ ಪಕ್ಕ ಕೂರಲು ತಮ್ಮನಿಗೆ ಇಂಥದ್ದೇ ಕೆಲಸ ಇರಬೇಕು ಎಂದು ಬರೆದವರು ಯಾರು? ನಿಜವಾಗಿಯೂ ಸರಳು ಕಟ್ಟುವವನಾಗಿದ್ದರೆ ನನಗೆ ಅಣ್ಣನೇ ಇರಬಾರದಿತ್ತೇ? ಈ ಎರಡು ದೇಶಗಳ ಅಷ್ಟೆತ್ತರದ ಕಟ್ಟಡಗಳನ್ನು ಕಟ್ಟಿದವರು ಯಾರಂತೆ, ಪಟ್ಟಿಯಲ್ಲಿರುವ ವಕೀಲರೇ?

ಊರಾಚೆ ಬನಿಯಾಸಿನಲ್ಲಿದ್ದ ನನ್ನ ರೂಮಿಗೆ ವಾಪಸಾಗುವ ದಾರಿಯಲ್ಲಿ ಅಣ್ಣನಿಗೆ ಫೋನ್ ಮಾಡಿದೆ. ನಿಜ ಹೇಳಬೇಕೆಂದೇ ಮಾಡಿದ್ದು. ಅವನ ದನಿ ಕೇಳುತ್ತಿದ್ದಂತೆ ಧೈರ್ಯ ಹೋಯಿತು. ಓದಿಸಿದವನಿಗೆ ಆಪರೇಷನ್ನಿನ ಹಿಂದಿನ ದಿನ ಏನೆಂದು ಹೇಳಲಿ? ರಜೆ ಸಿಗಲಿಲ್ಲ ಎಂದುಬಿಟ್ಟೆ.

"ರಜಿ ಸಿಕ್ಕಿಲ್ಯಾ?" ಎಂದ. "ಅಡ್ಡಿಲ್ಲೆ ಬಿಡ್" ಎಂದು ಫೋನಿಟ್ಟ.

ಅಣ್ಣ ಉಳಿದುಕೊಂಡ. ಹಾಸಿಗೆಯ ಪಕ್ಕ ಕೂತದ್ದು, ಗಂಜಿ ಕುಡಿಸಿದ್ದು, ಮೊದಲ ಸಲ ಎಬ್ಬಿಸಿ ನಡೆಸಿದ್ದು ಆ ಜೊತೆಗಾರರು. ಗುಣವಾದ ಮೇಲೆ ಕುವೈತ್ ಬಿಟ್ಟು ಊರಿಗೆ ಹೋದ. ನಮ್ಮ ಮಾತು ಹಬ್ಬಕ್ಕೊಂದು ಹುಣ್ಣಿಮೆಗೊಂದು ಎನ್ನುವಷ್ಟಾಯಿತು. ತಮ್ಮನಿಗೆ ಕೆಲಸವೇ ದೊಡ್ಡದಾಯಿತು ಎಂದು ಅತ್ತಿಗೆಯ ಹತ್ತಿರ ಹೇಳಿದನಂತೆ.

ಆಮೇಲೊಂದು ದಿನ ಪಿಆರ್‌ಓ ಖುಷಿಯಿಂದ ನನ್ನ ಮೇಜಿನ ಹತ್ತಿರ ಬಂದರು. "ಕುವೈತಿನ ರೂಲ್ ಚೇಂಜ್ ಆಗಿದೆ ಮಾರಾಯ್ರೆ. ಗಲ್ಫಿನ ವೀಸಾ ಇದ್ರೆ ಸಾಕು, ಪ್ರೊಫೆಷನ್ ಕೇಳುದಿಲ್ಲ. ಪಟ್ಟಿ ಖಲಾಸ್." ಒಂದೇ ಆದೇಶ. ಅಷ್ಟು ಸುಲಭಕ್ಕೆ ತೆಗೆಯಬಹುದಾದದ್ದನ್ನು ಅಷ್ಟು ವರ್ಷ ನಮ್ಮ ಎದೆಯ ಮೇಲೆ ಯಾಕೆ ಇಟ್ಟಿದ್ದರು? ಪಿಆರ್‌ಓ ಮೇಲೆ ರೇಗಿಬಿಟ್ಟೆ. ಕಚೇರಿಯವರೆಲ್ಲ ತಿರುಗಿ ನೋಡಿದರು.

ಅದೇ ಸಿಟ್ಟಿನಲ್ಲಿ ಹೊರಗೆ ಬಂದು ಅಣ್ಣನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ: ಕಾರ್ಡು, ಕೌಂಟರು, ನನ್ನ ಸುಳ್ಳು.

"ನನ್ ಕಾರ್ಡಗೆ ಎಂತ ಬರ್ದಿತ್ತ್ ಗೊತಿತ್ತಾ?" ಎಂದ ಅಣ್ಣ. "ಕುರಿ ಕಾಯುವವ. ಅದೊಂದೇ ವೀಸಾ ಸಿಕ್ಕದ್ದ್. ಕುರಿ ಕಾಯುವವ್ನಿಗೆ ನಿಮ್ ದುಬೈ, ಅಬುಧಾಬಿಗೆಲ್ಲ ವೀಸಾ ಯಾರ್ ಕೊಡ್ತ್ರ್? ನಿಂಗೆ ಹೇಳುಕ್ ನಾಚ್ಕಿ ಆಯ್ತ್ ಮಾರಾಯಾ, ಅದ್ಕೇ ರಜಿ ಇಲ್ಲ ಅಂದದ್ದ್."

"ನಾನ್ ಅದನ್ನ ನಂಬಿದ್ದೆ ಅಣ್ಣಾ" ಎಂದೆ.

"ನಾನೂ ನಿಂದನ್ನ ನಂಬಿದ್ದೆ" ಎಂದ.