ನೈಮೆಗನ್‌ನಿಂದ ಹುಬ್ಬಳ್ಳಿಗೆ ಹಳಿ

ಹೆರಿಗೆಯ ನಂತರದ ಆ ದಿನಗಳಲ್ಲಿ ನನಗೆ ನಿದ್ದೆ ಯಾವುದು, ಎಚ್ಚರ ಯಾವುದು ಎಂದು ಸರಿಯಾಗಿ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಮಗು ಮಲಗಿದ ಮೇಲೆ ಅವ್ವ, ನಾನು ಕಿಟಕಿಯ ಪಕ್ಕದ ಸೋಫಾದಲ್ಲಿ ಕೂರುತ್ತಿದ್ದೆವು. ಹೊರಗೆ, ಜರ್ಮನಿಯ ಗಡಿ ಪಕ್ಕದ ನಮ್ಮ ನೈಮೆಗನ್ ಊರಿನ ಮಂಜು. ವಾಲ್ ನದಿಯ ಸೇತುವೆ ಕಾಣುತ್ತಿರಲಿಲ್ಲ. ಅದರ ಮೇಲಿನ ರೈಲಿನ ಹಳದಿ ಬಣ್ಣ ಮಾತ್ರ ಗಾಳಿಯಲ್ಲೇ ಜಾರಿಹೋದಂತೆ ತೋರುತ್ತಿತ್ತು.

ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಬಂದ ಅವ್ವನಿಗೆ, ಹಿಂತಿರುಗುವ ಹೊತ್ತಿಗೆ ಸರಿಯಾಗಿ ಕಿವಿ ಸೋರತೊಡಗಿತ್ತು. ವಾಸಿಯಾಗುವವರೆಗೆ ವಿಮಾನ ಹತ್ತಬೇಡಿ ಎಂದರು ಹೌಸ್‌ಆರ್ಟ್ಸ್, ಅಂದರೆ ನಮ್ಮ ಬಡಾವಣೆಯ ಡಾಕ್ಟರು. ಅವ್ವ ಚಡಪಡಿಸಿದಳು. ಊರಲ್ಲಿ ಬ್ಯಾಡಗಿ ಮೆಣಸಿನಕಾಯಿ ಬರುವ ಕಾಲ. ಓಣಿಯವರೆಲ್ಲ ಖಾರ ಕುಟ್ಟಿಸಲು ಅವಳಿಗಾಗಿಯೇ ಕಾಯುತ್ತಾರೆ. ನನಗೋ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅವ್ವ ಹೋಗಬಾರದು, ಅಷ್ಟೇ.

"ವಿಮಾನ ಬ್ಯಾಡಂದ್ರ ಬ್ಯಾಡ. ರೈಲಿಗೆ ಹೊಕ್ಕೀನಿ," ಎಂದಳು ಒಂದು ದಿನ.

"ಹುಬ್ಬಳ್ಳೀಮಟ ರೈಲ್ ಎಲ್ಲೈತಿ ಅವ್ವಾ?"

"ಇಲ್ಲಂದ್ರ ಹಾಕೋಣಂತ."

ಹಾಗೆ ಶುರುವಾಯಿತು, ಮಾತಿನಲ್ಲೇ ಹಳಿ ಹಾಕುವ ನಮ್ಮ ಕೆಲಸ. ಅಪ್ಪ ಗಾರ್ಡ್ ಆಗಿದ್ದರಿಂದ ರೈಲ್ವೆ ಕ್ವಾರ್ಟರ್ಸಿನಲ್ಲೇ ಸಂಸಾರ ಮಾಡಿದವಳು ಅವಳು. ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು: ಮೊದಲು ಜಲ್ಲಿ, ಮೇಲೆ ಅಡ್ಡಪಟ್ಟಿಯ ಸ್ಲೀಪರು, ಅದರ ಮೇಲೆ ಹಳಿ. ಊರು ಬಂದಲ್ಲಿ ಸ್ಟೇಷನ್ನು, ಸ್ಟೇಷನ್ನಿಗೊಂದು ಬೇವಿನ ಮರ, ನೀರಿನ ನಳ. ಜರ್ಮನಿಯಲ್ಲಿ ಬೇವು ಬೆಳೆಯುವುದಿಲ್ಲ ಎಂದರೆ, "ನೆಟ್ಟು ನೋಡೀರೇನು?" ಎನ್ನುವಳು. ಕೇಳುತ್ತ ಕೇಳುತ್ತ ನನಗೆ ಜೊಂಪು ಹತ್ತುತ್ತಿತ್ತು. ಜೊಂಪಿನಲ್ಲಿ ನೂರಾರು ಜನ ಸುತ್ತಿಗೆ ಹೊತ್ತು, ಮಂಜಿನೊಳಗೆ ಸದ್ದಿಲ್ಲದೆ ಪೂರ್ವಕ್ಕೆ ನಡೆಯುತ್ತಿದ್ದರು.

ಮನಸ್ಸಿದ್ದರೆ ಮಾರ್ಗ ಅನ್ನುತ್ತಾರೆ. ನಮ್ಮ ಮಾರ್ಗಕ್ಕೆ ನನ್ನ ಮನಸ್ಸೇ ಅಡ್ಡ. ಹಳಿ ಊರು ಮುಟ್ಟಿದ ದಿನ ಅವ್ವ ಹೊರಟೇಬಿಡುತ್ತಾಳೆ ಎಂದು ನನಗೆ ನಿಜವಾಗಿಯೂ ಭಯವಾಗುತ್ತಿತ್ತು. ಅದಕ್ಕೇ ಆಸ್ಟ್ರಿಯಾದಲ್ಲಿ ಗುಡ್ಡ ಕುಸಿಯುವಂತೆ ಮಾಡಿದೆ. ಡ್ಯಾನ್ಯೂಬ್ ನದಿಗೆ ಪ್ರವಾಹ ತಂದೆ. ಬಲ್ಗೇರಿಯಾದಲ್ಲಿ ಕೂಲಿಯವರೆಲ್ಲ ಮುಷ್ಕರ ಹೂಡಿದರು.

"ಹಿಂಗ ಕೆಲಸ ಮಾಡಿದ್ರ ಗುತ್ತಿಗಿ ಕಸ್ಗೊಂತಾರ ನೋಡ," ಎಂದು ಅವ್ವ ನಗುತ್ತಿದ್ದಳು.

ಹಳಿ ಟರ್ಕಿಯ ಬಯಲಿಗೆ ಬಂದಾಗ ಕಿವಿ ವಾಸಿಯಾಯಿತು. ಡಾಕ್ಟರು ಹೂಂ ಎಂದರು, ನನ್ನ ಗಂಡ ಟಿಕೆಟ್ ತೆಗೆದ. ವಿಮಾನ ನಿಲ್ದಾಣದಲ್ಲಿ ಅವ್ವನ ಸೆರಗು ಹಿಡಿದುಕೊಂಡು, "ಕೆಲಸ ಅರ್ಧಕ್ಕ ಬಿಟ್ಟು ಹೊಂಟೀ," ಎಂದೆ.

"ಅರ್ಧಕ್ಕ ಯಾಕ? ದೊಡ್ಡ ಲೈನ್ ಅಂದ್ರ ಎರಡೂ ಕಡಿಂದ ಹಾಕ್ಕೊಂತ ಬರ್ತಾರ. ನಾ ಅಲ್ಲಿಂದ ಹಾಕ್ತೀನಿ, ನೀ ಇಲ್ಲಿಂದ ಹಾಕು. ನಡುವ ಕೂಡೋಣು."

ಆಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಅವ್ವನ ವರದಿ. ಮಿರಜ್ ದಾಟಿತು, ಮರುಭೂಮಿ ಬಂತು, ಉಸುಕಿನಲ್ಲಿ ಜಲ್ಲಿ ನಿಲ್ಲುತ್ತಿಲ್ಲ. ನನ್ನ ಕಡೆ ಒಂದು ಸ್ಲೀಪರೂ ಬಿದ್ದಿರಲಿಲ್ಲ. ಆಫೀಸು ಮತ್ತೆ ಶುರುವಾಗಿತ್ತು, ಮಗುವಿಗೆ ನೆಗಡಿ; ಜೊತೆಗೆ, ಅವಳು ಹೋಗಿಯೇಬಿಟ್ಟಳಲ್ಲ ಎಂಬ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನನ್ನ ಕೈಲಿ ಆಗಂಗಿಲ್ಲವ್ವಾ," ಎಂದೆ ಒಂದು ಭಾನುವಾರ.

"ಆಗ್ದಿದ್ರ ಬಿಡು. ನಿನ್ನ ಪಾಲಿಂದೂ ನಾನ ಹಾಕ್ಕೊಂತ ಬರ್ತೀನಿ. ನಿನ್ನ ಬಾಗಲಮಟ."

ಆ ಮಧ್ಯಾಹ್ನ ಮಗು ಮಲಗಿದ ಮೇಲೆ ನಾನು ಸೋಫಾದಲ್ಲಿ ಕಣ್ಣು ಮುಚ್ಚಿದೆ. ಟರ್ಕಿಯ ಬಯಲಿನಲ್ಲಿ ಬಿಟ್ಟಲ್ಲಿಂದ ಹಳಿ ಹಾಕತೊಡಗಿದೆ, ಈ ಸಲ ಬೇಗ ಬೇಗ.