ಅಕ್ಕನ ಮನೆಗೆ ಹಾಕಿದ ದೊಡ್ಡ ಕಂಡೆನ್ಸರ್

ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಭಾವನ ಮೇಲೆ ಎಷ್ಟಿದೆಯೋ ಅದಕ್ಕಿಂತ ಹೆಚ್ಚು ನನ್ನ ನಾಲಗೆಯ ಮೇಲಿದೆ.

ಪಾಂಡವಪುರದಲ್ಲಿ ನನ್ನದು ಮೋಟಾರು ರಿವೈಂಡಿಂಗ್ ಅಂಗಡಿ. ಓದಿದ್ದು ಏಳನೇ ಕ್ಲಾಸು. ಅಕ್ಕನನ್ನು ಕೊಟ್ಟಿದ್ದು ಮೇಲುಕೋಟೆ ರಸ್ತೆಯ ಒಂದು ಹಳ್ಳಿಗೆ. ಲಕ್ವ ಹೊಡೆದು ಎಡಗಡೆ ಸ್ವಾಧೀನ ತಪ್ಪಿದ ಮೇಲೆ ಅವಳಿಗೆ ಮಂಚ ಬಿಟ್ಟು ಏಳಲು ಆಗುತ್ತಿರಲಿಲ್ಲ. ಲೈಟಿಗೂ ಫ್ಯಾನಿಗೂ ಯಾರನ್ನಾದರೂ ಕೂಗಬೇಕು. ಅವಳೋ, ಒಂದು ಲೋಟ ನೀರನ್ನೂ ಇನ್ನೊಬ್ಬರ ಕೈಯಲ್ಲಿ ತರಿಸಿಕೊಂಡವಳಲ್ಲ. ಮೈಸೂರಿನಿಂದ ಮೊಬೈಲಿಗೆ ಜೋಡಿಸುವ ಒಂದು ಮಾಡ್ಯೂಲ್ ತಂದು ಸ್ವಿಚ್ ಬೋರ್ಡಿನೊಳಗೆ ಕೂರಿಸಿಕೊಟ್ಟೆ. ಮಲಗಿದ ಕಡೆಯಿಂದಲೇ ಮೊಬೈಲ್ ಒತ್ತಿದರೆ ಫ್ಯಾನು ತಿರುಗುತ್ತಿತ್ತು. ಅಕ್ಕನ ಮುಖಕ್ಕೆ ಮತ್ತೆ ಕಳೆ ಬಂತು.

ಕಳೆದ ಬೇಸಿಗೆಯಲ್ಲಿ ಅದು ಕೈಕೊಟ್ಟಿತು. ಒತ್ತಿದರೆ ಒಳಗೆ ಟಕಟಕ ಸದ್ದು, ಫ್ಯಾನು ತಿರುಗಿ ನಿಲ್ಲುತ್ತಿತ್ತು. ಬಿಚ್ಚಿ ನೋಡಿದರೆ ಮಾಡ್ಯೂಲಿನ ಒಳಬೋರ್ಡಿಗೆ ಕರೆಂಟು ಇಳಿಸಿ ಕೊಡುವ ಕಂಡೆನ್ಸರ್ ಸತ್ತಿತ್ತು. ಅದೇ ಅಳತೆಯದು ನನ್ನ ಅಂಗಡಿಯಲ್ಲಿರಲಿಲ್ಲ. ಮೈಸೂರಿಗೆ ಹೋಗಿ ತರಬಹುದಿತ್ತು, ಹೋಗಲಿಲ್ಲ. ನಮ್ಮ ಕಡೆ ಪಂಪ್‌ಸೆಟ್ಟಿಗೆ ವೋಲ್ಟೇಜ್ ಸಾಲದೆ ಮೋಟಾರು ಗುಂಯ್ ಅಂದರೆ ನಾವು ಮಾಡುವುದು ಒಂದೇ ಕೆಲಸ, ಮೋಟಾರಿನ ಮೇಲೆ ಬರೆದದ್ದಕ್ಕಿಂತ ದೊಡ್ಡ ಕಂಡೆನ್ಸರ್ ಹಾಕುವುದು. ರೈತರೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಇಲ್ಲೂ ದೊಡ್ಡದನ್ನೇ ಬೆಸುಗೆ ಹಾಕಿದೆ. ಫ್ಯಾನು ತಿರುಗಿತು, ಗೆದ್ದೆ ಅಂದುಕೊಂಡೆ.

ಮುಂದಿನ ವಾರ ಭಾವ ಫೋನು ಮಾಡಿದರು. ಹೋದಾಗ ಮನೆಯೆಲ್ಲ ಸುಟ್ಟ ವಾಸನೆ. ಮಾಡ್ಯೂಲಿನ ಬೋರ್ಡು ಕಪ್ಪಗಾಗಿತ್ತು. ನೋಡಿದ ತಕ್ಷಣ ಗೊತ್ತಾಯಿತು, ದೊಡ್ಡ ಕಂಡೆನ್ಸರ್ ಜಾಸ್ತಿ ಕರೆಂಟು ನುಗ್ಗಿಸಿ ಸಣ್ಣ ಸಾಮಾನನ್ನು ಸುಟ್ಟಿದೆ.

"ಏನಾಯ್ತಲಾ?" ಎಂದರು ಭಾವ.

"ಸುಮ್ಸುಮ್ನೆ ಒತ್ತಾ ಕೂತ್ರೆ ಇನ್ನೇನಾಯ್ತದೆ ಭಾವ," ಎಂದುಬಿಟ್ಟೆ.

ಭಾವನಿಗೆ ಅಷ್ಟೇ ಬೇಕಿತ್ತು. "ನಾ ಅವತ್ತೇ ಏಳ್ಲಿಲ್ವಾ? ಮಗೀಗ್ ಗಿಲಕಿ ಕೊಟ್ಟಂಗಾಯ್ತು. ಇನ್ ಮುಟ್ಟಬ್ಯಾಡ, ಬೇಕಾದ್ರೆ ಕೂಗು," ಎಂದು ಅಕ್ಕನಿಗೆ ಗದರಿ ಅವಳ ಮೊಬೈಲನ್ನು ಬೀರುವಿನ ಮೇಲಿಟ್ಟರು. ನಾನು ಫ್ಯಾನಿಗೆ ಗೋಡೆಯ ಸ್ವಿಚ್ಚನ್ನೇ ಜೋಡಿಸಿ, ಕೆಟ್ಟ ಮಾಡ್ಯೂಲನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಆ ದಾರಿಯಲ್ಲಿ ಬಂದವನು ಒಳಗೆ ಹೋದೆ. ಭಾವ ಗದ್ದೆಗೆ ಹೋಗಿದ್ದರು. ಅಕ್ಕ ಬೆವರಿನಲ್ಲಿ ತೊಯ್ದು ಮಲಗಿದ್ದಳು. ಫ್ಯಾನು ನಿಂತಿತ್ತು.

"ಪಕ್ಕದ್ ಮನೆಯವ್ರನ್ನಾದ್ರೂ ಕೂಗ್ಬಾರ್ದಾ ಅಕ್ಕ?"

"ಎಷ್ಟು ಕಿತ ಕೂಗ್ಲಿ ಬುಡು. ನಾನೇ ಜಾಸ್ತಿ ಒತ್ಬುಟ್ಟೆ ಕಣ್ಲಾ. ಅಷ್ಟು ಚೆಂದಾಗಿ ಮಾಡ್ಕೊಟ್ಟಿದ್ದೆ."

ಅವಳು ನನ್ನ ಸುಳ್ಳನ್ನು ನಂಬಿ ಬೇಯುತ್ತಿದ್ದಳು. ನನ್ನ ಮೇಲೇ ನನಗೆ ಸಿಟ್ಟು ಬಂತು. ಫ್ಯಾನು ಹಾಕಿ ಅಲ್ಲೇ ನಿಂತು ಹೇಳಿದೆ, ಕೆಡಿಸಿದ್ದು ನೀನಲ್ಲ ಅಕ್ಕ, ನಾನು ಅಂತ. ಅವಳು ಗೋಡೆ ಕಡೆ ಮುಖ ತಿರುಗಿಸಿದಳು.

ಮರುದಿನವೇ ಮೈಸೂರಿಗೆ ಹೋಗಿ ಸುಟ್ಟ ಸಾಮಾನನ್ನೂ ಸರಿಯಾದ ಅಳತೆಯ ಕಂಡೆನ್ಸರನ್ನೂ ತಂದು ಮಾಡ್ಯೂಲಿಗೆ ಹಾಕಿದೆ. ಅಕ್ಕನ ಮನೆಗೆ ಹೋಗಿ ಅದನ್ನು ಕೂರಿಸಲು ನೋಡಿದರೆ ಅವಳು ಬಿಡಲಿಲ್ಲ. "ರಿಪೇರಿ ಆಮ್ಯಾಕೆ. ಮೊದ್ಲು ಅವ್ರ ಮುಂದೆ ನಿಜ ಏಳು."

ಭಾವ ಕಾಲು ತೊಳೆದು ಒಳಗೆ ಬರುವ ತನಕ ಸ್ಕ್ರೂಡ್ರೈವರ್ ಹಿಡಿದು ಕಾದೆ. ಹೇಳಿದೆ. ಅವರು ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, "ಓಗ್ಲಿ ಬುಡ್ಲಾ, ಎಂಗೋ ಕೆಟ್ಟೋಯ್ತು," ಎಂದು ನಕ್ಕರು. ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಅವರ ಕುತ್ತಿಗೆಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಆದರೆ ಅಕ್ಕನನ್ನು ಗದರಲು ಅವರ ಬಾಯಿಗೆ ಮಾತು ಕೊಟ್ಟವನು ನಾನು.

"ಬೀರು ಮೇಲಿಂದ ನನ್ ಮೊಬೈಲ್ ಕೊಡಿ," ಎಂದಳು ಅಕ್ಕ. ಭಾವ ತೆಗೆದುಕೊಟ್ಟರು. ನಾನು ಮಾಡ್ಯೂಲ್ ಕೂರಿಸಿದೆ. ಅವಳು ಒತ್ತಿದಳು, ಫ್ಯಾನು ತಿರುಗಿತು. ನಾನು ಚೀಲ ಕಟ್ಟಿಕೊಂಡು ಬಾಗಿಲ ಹತ್ತಿರ ಬೇಕೆಂದೇ ನಿಧಾನ ಮಾಡಿದೆ. ಆ ಮನೆಯಿಂದ ಒಂದು ತುತ್ತು ಉಣ್ಣದೆ ನಾನು ಯಾವತ್ತೂ ಬಂದವನಲ್ಲ. ಹಾಸಿಗೆ ಹಿಡಿದ ಮೇಲೂ ಅಕ್ಕ ಮಲಗಿದಲ್ಲಿಂದಲೇ ಗದರಿ ಊಟಕ್ಕೆ ಕೂರಿಸುತ್ತಿದ್ದಳು. ಅವತ್ತು ಕೂರಿಸಲಿಲ್ಲ.