ಟೆಸ್ಟರ್ ಉರಿಯದ ಕರೆಂಟು

ಗೆಳೆಯರೇ, ಇವತ್ತು ಹುಣಸೂರಿನ ಮರದ ಡಿಪೋಗೆ ಕ್ಯಾಮೆರಾ ಹಾಕಲು ಹೋಗಿದ್ದೆ. ಚಿತ್ರ, ಕರೆಂಟು ಎರಡೂ ಒಂದೇ ಕೇಬಲ್ಲಿನಲ್ಲಿ ಹೋಗುತ್ತವೆ, ಬೇರೆ ವೈರಿಂಗ್ ಬೇಡ ಎಂದೆ. ಮಾಲೀಕರಾದ ರಫೀಕ್ ಸಾಬರು, "ನಮ್ ನಂಜಣ್ಣ ಒಪ್ಪಿದ್ರೆ ಹಾಕಿ" ಎಂದರು.

ನಂಜಣ್ಣ ಊರಿನ ಹಳೆಯ ವೈರ್‌ಮನ್. ನಾನು ಒಂದು ಕ್ಯಾಮೆರಾವನ್ನು ಟಿವಿಗೆ ಜೋಡಿಸಿ ಓಡಿಸಿ ತೋರಿಸಿದೆ. ಅವರು ಕೇಬಲ್ ಸುಲಿದು ಟೆಸ್ಟರ್ ಹಿಡಿದರು. ಉರಿಯಲಿಲ್ಲ.

"ಇದ್ರಲ್ಲಿ ಕರೆಂಟೇ ಇಲ್ಲ ಕಣಪ್ಪ."

"ವೋಲ್ಟ್ ಕಮ್ಮಿ ನಂಜಣ್ಣ, ಅದಕ್ಕೇ ಉರೀತಿಲ್ಲ."

"ನನ್ ಟೆಸ್ಟರ್ ಸುಳ್ಳೇಳಲ್ಲ ಬುಡು."

ಅಷ್ಟರಲ್ಲಿ ಊರಲ್ಲೆಲ್ಲ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಕ್ಯಾಮೆರಾ, ಟಿವಿ ಮಾತ್ರ ನಾನು ತಂದಿದ್ದ ಯುಪಿಎಸ್ ಬ್ಯಾಟರಿ ಮೇಲೆ ಓಡುತ್ತಿದ್ದವು. ಪರದೆಯಲ್ಲಿ ನಂಜಣ್ಣನ ಮುಖ ಹಾಗೇ ಇತ್ತು.

"ನೋಡಿ ಸಾಬ್ರೇ, ಆಗ್ಲೇ ಯೋಳ್ನಿಲ್ವಾ? ಇದಕ್ಕೆ ಕರೆಂಟೇ ಬ್ಯಾಡ. ಆಕುಸ್ಕಳಿ."

ಕೆಲಸ ನನಗೇ ಸಿಕ್ಕಿತು. ಯುಪಿಎಸ್ ಬಗ್ಗೆ ನಾನು ಬಾಯಿ ಬಿಡಲಿಲ್ಲ.